ಕಸ ಎಂದರೆ ಯಾವ ಕಸ?

"ಡಾಕ್ಟ್ರೇ, ಹಸು ಕರು ಹಾಕಿ ಒಂದು ದಿನ ಆಯ್ತು, ಇನ್ನೂ ಕಸ ಬಿದ್ದಿಲ್ಲ" ಎಂದು ಬೆಳಿಗ್ಗೆ ಫೋನ್ ಬಂದರೆ ಆ ಕಸ ಬೇರೆ. "ಕೊಟ್ಟಿಗೆ ಕಸ ಬಾಚಿ ಬಂದ್ಬಿಡ್ತೀನಿ, ಕೂತಿರಿ" ಎನ್ನುವಾಗಿನ ಕಸ ಬೇರೆ. ಪಂಚಾಯಿತಿ ಗಾಡಿಯ ಮೈಕಿನಲ್ಲಿ "ಹಸಿ ಕಸ, ಒಣ ಕಸ ಬೇರೆ ಬೇರೆ ಕೊಡಿ" ಎಂದು ಕೇಳಿಬರುವ ಕಸ ಮತ್ತೂ ಬೇರೆ. ಹೈನು ಸಾಕುವ ಮನೆಗಳಲ್ಲಿ ಒಂದೇ ಮಾತಿಗೆ ಇಷ್ಟು ಅರ್ಥ. ಈಚೆಗೆ ಸಂಘದ ಸಭೆಗಳಿಗೆ ಹೋದಾಗ ಮೇವು, ರೋಗದ ಪ್ರಶ್ನೆಗಳ ಜೊತೆಗೆ ಕಸದ ಪ್ರಶ್ನೆಗಳೂ ಬರುತ್ತಿವೆ. ಸಗಣಿಯನ್ನು ಗಾಡಿಗೆ ಕೊಡಬಹುದೇ? ಫೀಡ್ ಚೀಲ ಯಾವ ಕಸ? 'ಮರುಬಳಕೆ' ಎಂದರೆ ನಾವೇ ಮತ್ತೆ ಬಳಸುವುದೋ, ಗುಜರಿಗೆ ಹಾಕುವುದೋ?

ಪಶುವೈದ್ಯರಿಗೂ ಕಸಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಈ ಮಾತುಗಳ ಅರ್ಥ ಕೆಟ್ಟರೆ ಅದರ ಫಲ ಹೋಗಿ ಸೇರುವುದು ಹಸುವಿನ ಹೊಟ್ಟೆಗೆ, ಇಲ್ಲವೇ ಕೊಟ್ಟಿಗೆಯಲ್ಲಿ ಬರಿಗೈಯಲ್ಲಿ ದುಡಿಯುವ ಹೆಂಗಸರ ಮೈಗೆ. ಆದ್ದರಿಂದ ಈ ಸಲ ಔಷಧಿಯ ವಿಷಯ ಬಿಟ್ಟು ಕೆಲವು ಮಾತುಗಳ ವಿಷಯ ಬರೆಯುತ್ತಿದ್ದೇನೆ.

ಹಸಿ, ಒಣ ಎಂದರೆ ಒದ್ದೆ, ಬಿಸಿಲಿನ ಲೆಕ್ಕವಲ್ಲ

2016ರಲ್ಲಿ ಬಂದ ಘನ ತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಕಸವನ್ನು ಮೂರು ಭಾಗ ಮಾಡಲು ಹೇಳಿದವು: ಹಸಿ, ಒಣ, ಅಪಾಯಕಾರಿ. ಗೊಂದಲ ಹುಟ್ಟುವುದು ಮೊದಲ ಎರಡರಲ್ಲಿ. "ಸಗಣಿ ಒಣಗಿ ಬೆರಣಿಯಾದರೆ ಒಣ ಕಸವಲ್ಲವೇ?" ಎಂದು ಒಬ್ಬರು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ, ಹೆಸರಿಟ್ಟವರೇ ಯೋಚಿಸಬೇಕಿತ್ತು. ಹಸಿ ಕಸ ಎಂದರೆ ಕೊಳೆತು ಮಣ್ಣಾಗುವಂಥದ್ದು. ಒಣ ಕಸ ಎಂದರೆ ಗುಜರಿಗೋ ಕಾರ್ಖಾನೆಗೋ ಹೋಗಿ ಇನ್ನೊಂದು ವಸ್ತುವಾಗಬಲ್ಲಂಥದ್ದು. ಹಾಗಾಗಿ ಬಿಸಿಲಲ್ಲಿ ಗರಿಗರಿ ಒಣಗಿದ ಭತ್ತದ ಹುಲ್ಲು ಹಸಿ ಕಸದ ಲೆಕ್ಕ. ಹಾಲಿನ ಹನಿ ಇನ್ನೂ ಆರದ ಪ್ಯಾಕೆಟ್ ಒಣ ಕಸದ ಲೆಕ್ಕ.

ಹಾಗೆ ನೋಡಿದರೆ ಕೊಟ್ಟಿಗೆ ಇರುವ ಮನೆಯಿಂದ ಹಸಿ ಕಸ ಹೊರಗೆ ಹೋಗಬೇಕಾದ ಪ್ರಮೇಯವೇ ಇಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಮುದ್ದೆ ಎಲ್ಲ ಕಲಗಚ್ಚಿನ ಬಾನಿಗೆ, ಬಾನಿಯಿಂದ ಹಸುವಿಗೆ, ಹಸುವಿನಿಂದ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ನಗರದವರು ಈಗ ಹಣ ಕೊಟ್ಟು ಕಲಿಯುತ್ತಿರುವುದು ನಿಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ.

ಆದರೆ ಕಲಗಚ್ಚಿಗೂ ಒಂದು ಮಿತಿಯಿದೆ. ಮದುವೆ, ತಿಥಿ, ಜಾತ್ರೆ ಮುಗಿದ ಮಾರನೆಯ ದಿನ ನಮಗೆ ಬರುವ ತುರ್ತು ಕರೆಗಳಲ್ಲಿ ಹೆಚ್ಚಿನವು ಉಳಿದ ಅನ್ನ ತಿಂದ ಹಸುಗಳದ್ದು. ಒಂದು ಬಕೆಟ್ ಅನ್ನವನ್ನೋ ಪಾಯಸವನ್ನೋ ಒಮ್ಮೆಗೇ ತಿಂದರೆ ಹಸುವಿನ ದೊಡ್ಡ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ತೆಳು ಭೇದಿ ಶುರುವಾಗುತ್ತದೆ, ಹಸು ತೂರಾಡುತ್ತದೆ, ಕೊನೆಗೆ ಮಲಗಿಬಿಡುತ್ತದೆ. ಬೇಗ ಚಿಕಿತ್ಸೆ ಸಿಗದಿದ್ದರೆ ಸಾಯುತ್ತದೆ. ಎಸೆಯಲು ಮನಸ್ಸಾಗದೆ ಹಸುವಿಗೆ ಹಾಕಿದೆ ಎನ್ನುತ್ತಾರೆ. ಅನ್ನ ಹೆಚ್ಚು ಉಳಿದರೆ ಅದನ್ನು ತಿಪ್ಪೆಗೆ ಹಾಕಿ ಮೇಲೆ ಸಗಣಿ ಮುಚ್ಚಿ. ಅದೂ ಅನ್ನಕ್ಕೆ ಅವಮಾನವಲ್ಲ, ಬರುವ ವರ್ಷದ ರಾಗಿಗೆ ಗೊಬ್ಬರ.

ಮೂಲದಲ್ಲೇ ವಿಂಗಡಣೆ: ಹಸು ವಿಂಗಡಿಸುವುದಿಲ್ಲ

ಸರ್ಕಾರಿ ಕಾಗದಗಳಲ್ಲಿ ಪದೇ ಪದೇ ಬರುವ ಮಾತು 'ಮೂಲದಲ್ಲೇ ವಿಂಗಡಣೆ'. ಕಸ ಯಾರ ಕೈಯಿಂದ ಹೊರಡುತ್ತದೋ ಅಲ್ಲೇ ಬೇರೆಯಾಗಬೇಕು ಎಂದು ಅರ್ಥ. ಒಮ್ಮೆ ಬೆರೆತರೆ ಆಮೇಲೆ ಯಾರೂ ಬಿಡಿಸಲಾರರು. ಇದು ಯಾಕೆ ಮುಖ್ಯ ಎಂಬುದನ್ನು ಹಸುವಿನ ನಾಲಿಗೆಯಿಂದಲೇ ತಿಳಿಯಬಹುದು. ಮೇಕೆ ತುಟಿಯಿಂದ ಆರಿಸಿ ಆರಿಸಿ ತಿನ್ನುತ್ತದೆ. ಹಸು ಹಾಗಲ್ಲ, ನಾಲಿಗೆ ಚಾಚಿ ಸುತ್ತಿ ಎಳೆದು, ಅರೆಬರೆ ಅಗಿದು ನುಂಗುತ್ತದೆ. ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲ ಕಡೆಗೆ ಬಾಗಿರುವುದರಿಂದ ಬಾಯಿಗೆ ಹೋದದ್ದನ್ನು ಉಗುಳುವುದು ಅದಕ್ಕೆ ಕಷ್ಟ. ಬಾಳೆಹಣ್ಣಿನ ಸಿಪ್ಪೆ ತುಂಬಿ ಗಂಟು ಹಾಕಿದ ಕವರನ್ನು ರಸ್ತೆ ಬದಿ ಎಸೆದರೆ ಹಸು ಸಿಪ್ಪೆಯ ವಾಸನೆಗೆ ಬಂದು ಕವರಿನ ಸಮೇತ ನುಂಗುತ್ತದೆ.

ಆ ಕವರ್ ಕರಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಒಂದರ ಮೇಲೊಂದು ಸೇರಿ, ಹಗ್ಗ, ದಾರ ಸುತ್ತಿಕೊಂಡು ಹೊಟ್ಟೆಯಲ್ಲಿ ಉಂಡೆಯಾಗುತ್ತದೆ. ಹಸು ತಿನ್ನುವುದು ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ, ಪದೇ ಪದೇ ಹೊಟ್ಟೆ ಉಬ್ಬರಿಸುತ್ತದೆ. ಎಣ್ಣೆ ಕುಡಿಸಿದರೆ ಎರಡು ದಿನ ಸರಿ, ಮತ್ತೆ ಅದೇ. ಕೊನೆಗೆ ಎಡ ಪಕ್ಕೆ ಕುಯ್ದು ಕೈ ಹಾಕಿ ತೆಗೆಯಬೇಕಾಗುತ್ತದೆ. ಅಂಥ ಶಸ್ತ್ರಚಿಕಿತ್ಸೆಯಲ್ಲಿ ಇಪ್ಪತ್ತು, ಮೂವತ್ತು ಕೆ.ಜಿ. ತೂಕದ ಗಂಟು ಹೊರಬರುವುದು ಅಪರೂಪವೇನಲ್ಲ. ಮೇವಿನಲ್ಲಿ ರಂಜಕ, ಉಪ್ಪಿನ ಕೊರತೆ ಇದ್ದಾಗ ಹಸು ಬಟ್ಟೆ, ಚರ್ಮ, ಪ್ಲಾಸ್ಟಿಕ್ ಜಗಿಯುವ ಚಟ ಹತ್ತಿಸಿಕೊಳ್ಳುತ್ತದೆ. ಹಾಗಾಗಿ ಖನಿಜ ಮಿಶ್ರಣವೂ ಒಂದು ರೀತಿಯಲ್ಲಿ ಕಸ ನಿರ್ವಹಣೆಯೇ.

ರಸ್ತೆಯ ಕವರಿನ ಮಾತು ಎಲ್ಲರೂ ಆಡುತ್ತಾರೆ. ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಕೊಟ್ಟಿಗೆಯೊಳಗಿನ ಎರಡು ದಾರಗಳ ಕಡೆಗೆ. ಒಂದು, ಫೀಡ್ ಚೀಲದ ಬಾಯಿ ಹೊಲಿದ ದಾರ. ಎಳೆದು ಬಿಚ್ಚಿ ಅಲ್ಲೇ ಬಿಟ್ಟರೆ ಅದು ಬೂಸದ ಜೊತೆ ಬಾನಿಗೆ ಬೀಳುತ್ತದೆ. ಇನ್ನೊಂದು, ಯಂತ್ರದಲ್ಲಿ ಕಟ್ಟಿದ ಹುಲ್ಲಿನ ಪೆಂಡಿಯ ದಾರ. ಕುಡುಗೋಲಿನಿಂದ ನಾಲ್ಕು ಕಡೆ ಕತ್ತರಿಸಿದರೆ ನಾಲ್ಕು ತುಂಡು ಹುಲ್ಲಿನೊಳಗೆ ಸೇರುತ್ತವೆ. ಗಂಟಿನ ಹತ್ತಿರ ಒಂದೇ ಕಡೆ ಕತ್ತರಿಸಿ, ಪೂರ್ತಿ ಎಳೆದು, ಗೋಡೆಯ ಮೊಳೆಗೆ ಸಿಕ್ಕಿಸಿ. ವಾರಕ್ಕೊಮ್ಮೆ ಆ ಗೊಂಚಲನ್ನು ಗಾಡಿಗೆ ಕೊಡಿ.

ಮೊಳೆ ಎಂದಾಗ ನೆನಪಾಯಿತು. ತಂತಿ ಚೂರು, ಸೂಜಿ, ಮೊಳೆ ಹೊಟ್ಟೆಗೆ ಹೋದರೆ ಜೇನುಗೂಡಿನಂತಿರುವ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತವೆ. ಅದರ ಮುಂದೆ ತೆಳುವಾದ ಪರದೆ, ಪರದೆಯಾಚೆ ಹೃದಯ. ಚೂಪಾದದ್ದು ಚುಚ್ಚಿಕೊಂಡು ಮುಂದೆ ಸಾಗಿದರೆ ಹಸು ಮೊಣಕೈ ಹೊರಚಾಚಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುತ್ತದೆ, ನರಳುತ್ತದೆ. ಗಂಗೆದೊಗಲ ಬಳಿ ಊತ ಕಾಣಿಸುವ ಹೊತ್ತಿಗೆ ಬಹುಪಾಲು ಕೈ ಮೀರಿರುತ್ತದೆ. ಮನೆ ಕಟ್ಟುವ ಕೆಲಸ ನಡೆದಿರುವ ಕಡೆ, ಕಬ್ಬಿಣದ ಪೊದೆತಂತಿಯ ಚೂರು ಬಿದ್ದಿರುವ ಕಡೆ ಹಸು ಕಟ್ಟಬೇಡಿ.

ಮರುಬಳಕೆ ಒಂದು ಮಾತಲ್ಲ, ಎರಡು

ಕನ್ನಡದಲ್ಲಿ ಎರಡು ಬೇರೆ ಕೆಲಸಗಳಿಗೆ 'ಮರುಬಳಕೆ' ಎಂಬ ಒಂದೇ ಹೆಸರು ಅಂಟಿಕೊಂಡಿದೆ. ಖಾಲಿ ಫೀಡ್ ಚೀಲದಲ್ಲಿ ರಾಗಿ ತುಂಬಿಡುವುದು, ಬಿಚ್ಚಿ ಹೊಲಿದು ಕರುವಿಗೆ ಚಳಿಗಾಲದಲ್ಲಿ ಹೊದಿಸುವುದು ವಸ್ತುವನ್ನು ಹಾಗೆಯೇ ಮತ್ತೆ ಬಳಸುವುದು. ಅದೇ ಚೀಲವನ್ನು ಕರಗಿಸಿ ಕುರ್ಚಿಯೋ ಹಗ್ಗವೋ ಮಾಡುವುದು ಇನ್ನೊಂದು ಕೆಲಸ. ಮೊದಲನೆಯದು ನಿಮ್ಮ ಕೈಯಲ್ಲಿದೆ, ಖರ್ಚಿಲ್ಲ. ಎರಡನೆಯದಕ್ಕೆ ಗುಜರಿ, ಲಾರಿ, ಕಾರ್ಖಾನೆ ಎಲ್ಲ ಬೇಕು. ಆದ್ದರಿಂದ ಮೊದಲನೆಯದೇ ಮೇಲು ಎಂದು ಪರಿಸರದವರು ಹೇಳುತ್ತಾರೆ. ನಾನು ಒಪ್ಪುತ್ತೇನೆ, ಆದರೆ ಕೊಟ್ಟಿಗೆಯ ಒಂದು ವಸ್ತುವನ್ನು ಬಿಟ್ಟು. ಉಣ್ಣೆಗೆ ಹಾಕುವ ಔಷಧಿಯ ಬಾಟಲಿ, ಬೆಳೆಗೆ ಹೊಡೆಯುವ ಕೀಟನಾಶಕದ ಕ್ಯಾನ್ ಎಷ್ಟು ತೊಳೆದರೂ ಮತ್ತೆ ಬಳಸುವಂಥದ್ದಲ್ಲ. ಗಟ್ಟಿ ಕ್ಯಾನ್ ಚೆನ್ನಾಗಿದೆ ಎಂದು ಕರುವಿಗೆ ನೀರಿಡಲು, ಹಿಂಡಿ ನೆನೆಸಲು ಇಟ್ಟುಕೊಂಡಿರುವ ಮನೆಗಳಿವೆ. ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿದು, ತಳಕ್ಕೆ ತೂತು ಹಾಕಿಬಿಡಿ. ತೂತಾದರೆ ಮತ್ತೆ ಯಾರೂ ಆಸೆಪಡುವುದಿಲ್ಲ.

ಪ್ಲಾಸ್ಟಿಕ್ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ, ಮಕ್ಕಳಿಗೆ ತೋರಿಸಿ ಓದಿಸಿ. ನೀರಿನ ಬಾಟಲಿ 1, ಗಟ್ಟಿ ಕ್ಯಾನು 2, ಹಾಲಿನ ಪ್ಯಾಕೆಟ್ ಜಾತಿಯ ಮೆತ್ತನೆ ಪ್ಲಾಸ್ಟಿಕ್ 4, ಫೀಡ್ ಚೀಲ 5. ಇವಕ್ಕೆಲ್ಲ ಗುಜರಿಯಲ್ಲಿ ಬೆಲೆಯುಂಟು. ಒಳಗೆ ಬೆಳ್ಳಿಯಂತೆ ಹೊಳೆಯುವ ಕುರುಕಲು ತಿಂಡಿಯ ಪ್ಯಾಕೆಟ್ಟಿಗೆ ಇಲ್ಲ. ಅದರಲ್ಲಿ ಎರಡು ಮೂರು ಜಾತಿಯ ಪದರ ಅಂಟಿಸಿರುವುದರಿಂದ ಬಿಡಿಸಲಾಗದು. ಹಾಲಿನ ಪ್ಯಾಕೆಟ್ ನಮ್ಮದೇ ಒಕ್ಕೂಟಗಳ ವಸ್ತುವಾದ್ದರಿಂದ ಒಂದು ಮಾತು: ಮೂಲೆ ಕತ್ತರಿಸುವಾಗ ಚೂರನ್ನು ಪೂರ್ತಿ ಬೇರೆ ಮಾಡಬೇಡಿ, ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ. ಪ್ಯಾಕೆಟ್ಟನ್ನು ಆಯಬಹುದು, ಉಗುರಿನಷ್ಟು ಚೂರನ್ನು ಯಾರೂ ಆಯುವುದಿಲ್ಲ. ಅದು ಸಿಪ್ಪೆಯೊಳಗೆ ಸೇರಿ ಯಾವುದೋ ಹಸುವಿನ ಬಾಯಿಗೆ ಹೋಗುತ್ತದೆ.

ಇನ್ನು 'ಮೈಕ್ರಾನ್'. ಮಿಲಿಮೀಟರಿನ ಸಾವಿರದ ಒಂದು ಭಾಗ, ಕವರಿನ ದಪ್ಪ ಅಳೆಯುವ ಲೆಕ್ಕ. ದೇಶದಲ್ಲಿ 2022ರ ಕೊನೆಯಿಂದ 120 ಮೈಕ್ರಾನಿಗಿಂತ ತೆಳುವಾದ ಕೈಚೀಲ ನಿಷೇಧ. ನಮ್ಮ ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ಸಂತೆಯಲ್ಲಿ ಏನಾಗುತ್ತಿದೆ ಎಂಬುದು ನಿಮಗೇ ಗೊತ್ತು. ಈಗ 'ಮಣ್ಣಲ್ಲಿ ಕರಗುವ ಕವರ್' ಎಂದು ಹಸಿರು ಬಣ್ಣದ್ದೊಂದು ಬಂದಿದೆ. ಅದು ಕರಗಬೇಕಾದರೆ ದೊಡ್ಡ ಗೊಬ್ಬರದ ರಾಶಿಯ 58 ಡಿಗ್ರಿ ಆಸುಪಾಸಿನ ಬಿಸಿ ವಾರಗಟ್ಟಲೆ ಬೇಕು. ಹಸುವಿನ ಹೊಟ್ಟೆ ಬೆಚ್ಚಗಿರುವುದು ಸುಮಾರು 39 ಡಿಗ್ರಿ ಮಾತ್ರ. ಆ ಕವರನ್ನೂ ಹಸುವಿನ ಹತ್ತಿರ ಬಿಡಬೇಡಿ.

ತಿಪ್ಪೆ ಬೇರೆ, ಗೊಬ್ಬರ ಬೇರೆ

ಮಿಶ್ರತಳಿ ಹಸು ದಿನಕ್ಕೆ 15 ಕೆ.ಜಿ. ಸಗಣಿ ಹಾಕಿದರೆ ವರ್ಷಕ್ಕೆ ಐದೂವರೆ ಟನ್. ಇಷ್ಟನ್ನು ಹೊತ್ತು ಹಾಕುವವರು ಬಹುತೇಕ ಮನೆಯ ಹೆಂಗಸರೇ. ಹೊತ್ತು ಹಾಕಿದ್ದು ಬಿಸಿಲು ಮಳೆಗೆ ಬಯಲಲ್ಲಿ ಬಿದ್ದಿದ್ದರೆ ಅದರಲ್ಲಿನ ಸಾರಜನಕ ಅರ್ಧದವರೆಗೂ ಗಾಳಿಗೆ ಹಾರಿ, ನೀರಿಗೆ ಕೊಚ್ಚಿ ಹೋಗುತ್ತದೆ. ಹೀಗೆ ತಿಪ್ಪೆಯಿಂದ ಇಳಿಯುವ ಕಪ್ಪು ರಸಕ್ಕೆ ಕಸ ನಿರ್ವಹಣೆಯವರು 'ಲೀಚೇಟ್' ಎನ್ನುತ್ತಾರೆ. ಅದು ಹೊಲಕ್ಕೆ ಹೋದರೆ ಗೊಬ್ಬರ, ಕೊಳವೆಬಾವಿಗೆ ಇಳಿದರೆ ನೈಟ್ರೇಟ್. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರುವಂತಿಲ್ಲ. ಮೀರಿದರೆ ಹೆಚ್ಚು ತೊಂದರೆ ಹಾಲು ಪುಡಿ ಕಲಸಿ ಕುಡಿಸುವ ಎಳೆ ಕೂಸಿಗೆ. ತಿಪ್ಪೆ ಯಾವಾಗಲೂ ಬಾವಿಗಿಂತ ತಗ್ಗಿನಲ್ಲಿ, ದೂರದಲ್ಲಿ ಇರಲಿ. ಮೇಲೊಂದು ಗರಿಯ ಚಪ್ಪರ, ಸುತ್ತ ಒಂದಡಿ ಏರಿ ಇದ್ದರೆ ಸಾಕು.

ಸಗಣಿ ಕೂಡಿಟ್ಟ ಮಾತ್ರಕ್ಕೆ ಅದು 'ಕಾಂಪೋಸ್ಟ್' ಆಗುವುದಿಲ್ಲ. ಕಾಂಪೋಸ್ಟ್ ಎಂದರೆ ಗಾಳಿಯಾಡುವಂತೆ ಕೊಳೆಸಿದ್ದು. ಅದಕ್ಕೆ ಇಂಗಾಲ ಮತ್ತು ಸಾರಜನಕ ಸುಮಾರು 30ಕ್ಕೆ 1ರಂತೆ ಇರಬೇಕು ಎಂಬುದು ಪುಸ್ತಕದ ಮಾತು. ಅಡುಗೆಯ ಭಾಷೆಯಲ್ಲಿ ಹೇಳುವುದಾದರೆ, ಒಣ ಹುಲ್ಲು, ತರಗು ಹಿಟ್ಟಿದ್ದಂತೆ, ಸಗಣಿ, ಗಂಜಲ ಹುದುಗಿದ್ದಂತೆ. ಹಾಸು ಹುಲ್ಲು, ತಿಂದು ಬಿಟ್ಟ ಕಡ್ಡಿ ಒಂದು ಪದರ, ಸಗಣಿ ಒಂದು ಪದರ, ಗಂಜಲ ಚಿಮುಕಿಸಿ. ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗುವಷ್ಟು ತೇವ ಸಾಕು. ಸರಿಯಾಗಿ ಹಾಕಿದ ರಾಶಿ ಮೂರು ನಾಲ್ಕು ದಿನದಲ್ಲಿ ಒಳಗೆ ಕಾಯುತ್ತದೆ. ಕಬ್ಬಿಣದ ಸಲಾಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ, ಕೈ ಇಡಲಾಗದಷ್ಟು ಬಿಸಿ ಇರಬೇಕು. 55 ಡಿಗ್ರಿ ದಾಟಿದ ಆ ಬಿಸಿಯಲ್ಲಿ ಕಳೆಯ ಬೀಜ, ಜಂತುಹುಳುವಿನ ಮೊಟ್ಟೆ, ನೊಣದ ಮರಿ ಸಾಯುತ್ತವೆ. ಅಂಚಿನದು ಒಳಕ್ಕೆ ಬರುವಂತೆ ಹದಿನೈದು ದಿನಕ್ಕೊಮ್ಮೆ ಮಗುಚಿ.

ಎರೆಹುಳು ಗೊಬ್ಬರ ಮಾಡುವವರಿಗೆ ಈ ಬಿಸಿಯೇ ಶತ್ರು. ಹಸಿ ಸಗಣಿಗೆ ಹುಳು ಬಿಟ್ಟು "ಎಲ್ಲ ಸತ್ತುಹೋದವು" ಎನ್ನುವವರು ಬಹಳ. ಎರಡು ಮೂರು ವಾರ ಕಾದು ಆರಿದ ಮೇಲೆ ಬಿಡಬೇಕು. ತೆಂಗಿರುವ ಕಡೆ ತಿಪ್ಪೆಯನ್ನು ತಿಂಗಳುಗಟ್ಟಲೆ ಕದಲಿಸದೆ ಬಿಟ್ಟರೆ ಸುಳಿ ಕೊರೆಯುವ ಕೊಂಬಿನ ದುಂಬಿ ಅಲ್ಲೇ ಮೊಟ್ಟೆ ಇಡುತ್ತದೆ. ಮಗುಚುವಾಗ ಬಿಳಿ ದಪ್ಪ ಹುಳು ಸಿಕ್ಕರೆ ಕೋಳಿಗೆ ಹಾಕಿ.

ಬಗ್ಗಡದ ಲೆಕ್ಕ

ಗೋಬರ್ ಗ್ಯಾಸ್ ಗುಂಡಿಯಿಂದ ಹೊರಬರುವುದು ಬಗ್ಗಡ. ಗ್ಯಾಸ್ ತೆಗೆದ ಮೇಲೆ ಸಗಣಿಯ ಸತ್ವ ಹೋಯಿತು ಎಂಬ ನಂಬಿಕೆ ಇನ್ನೂ ಇದೆ. ಹಾಗೇನಿಲ್ಲ. ಉರಿಯಲು ಹೋಗುವುದು ಇಂಗಾಲದ ಭಾಗ, ಬೆಳೆಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್ ಬಗ್ಗಡದಲ್ಲೇ ಉಳಿಯುತ್ತವೆ. ವಾಸನೆ ಕಡಿಮೆ, ನೊಣವೂ ಕಡಿಮೆ.

ಎರಡು ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ಮೂರು ನಾಲ್ಕು ಮಿಶ್ರತಳಿ ರಾಸು ಇರುವ ಮನೆಗೆ ಇದು ಸರಿಹೊಂದುತ್ತದೆ. ಬರುವ ಗ್ಯಾಸ್ ಹದಿನಾರು ಹದಿನೇಳು ದಿನಕ್ಕೆ ಒಂದು ಸಿಲಿಂಡರ್‌ಗೆ ಸಮ. ಚಳಿಗಾಲದಲ್ಲಿ ಸ್ವಲ್ಪ ಇಳಿಯುತ್ತದೆ. ಗುಂಡಿಯೊಳಗೆ ಕೆಲಸ ಮಾಡುವವು ಜೀವಾಣುಗಳು, ಹಸುವಿನ ಹೊಟ್ಟೆಯಲ್ಲಿರುವವುಗಳ ಬಳಗವೇ. ಫಿನಾಯಿಲ್, ಬ್ಲೀಚಿಂಗ್ ಪುಡಿ ಹಾಕಿ ಕೊಟ್ಟಿಗೆ ತೊಳೆದ ನೀರನ್ನು ಅದಕ್ಕೆ ಬಿಟ್ಟರೆ ಗ್ಯಾಸ್ ನಿಲ್ಲುತ್ತದೆ. ಆಂಟಿಬಯೋಟಿಕ್ ಚುಚ್ಚಿಸಿಕೊಂಡ ಹಸುವಿನ ಸಗಣಿಯನ್ನೂ ಕೆಲವು ದಿನ ಹಾಕಬೇಡಿ. ಒಂದೇ ಹಸುವಿದ್ದವರಿಗೆ ಘಟಕ ಕಟ್ಟಿಸಿ ಎಂದು ನಾನು ಹೇಳುವುದಿಲ್ಲ. ಅರ್ಧ ತುಂಬಿದ ಗುಂಡಿ ವರ್ಷದೊಳಗೆ ಪಾಳು ಬೀಳುತ್ತದೆ.

ಗುಜರಾತಿನ ಆನಂದ್ ಜಿಲ್ಲೆಯ ಮುಜ್ಕುವಾ ಎಂಬ ಹಳ್ಳಿಯಲ್ಲಿ ಹೈನುಗಾರ್ತಿಯರೇ ಸೇರಿ ಗೊಬ್ಬರದ ಸಹಕಾರ ಸಂಘ ಕಟ್ಟಿದ್ದಾರೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ನೆರವಿನಿಂದ ಮನೆ ಮನೆಗೆ ಸಣ್ಣ ಘಟಕ ಬಂತು, ಗ್ಯಾಸ್ ಮನೆಗೆ, ಹೊಲಕ್ಕೆ ಬೇಕಾದಷ್ಟು ಬಗ್ಗಡ ಇಟ್ಟುಕೊಂಡು ಮಿಕ್ಕದ್ದನ್ನು ಮಾರುತ್ತಾರೆ. ಹಾಲಿನಂತೆ ಬಗ್ಗಡವನ್ನೂ ಗುಣಮಟ್ಟ ನೋಡಿ ಕೊಳ್ಳುವುದು ಸಾಧ್ಯ ಎಂಬುದಕ್ಕೆ ಅದು ಕಣ್ಣೆದುರಿನ ಉದಾಹರಣೆ.

ಅಪಾಯಕಾರಿ ಕಸ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಹಳೆ ಬ್ಯಾಟರಿ, ಒಣಗಿದ ಬಣ್ಣದ ಡಬ್ಬ ಕೊಟ್ಟಿಗೆ ಅಟ್ಟದಲ್ಲಿ ಇಡಬೇಡಿ. ಬ್ಯಾಟರಿಯ ಸೀಸ ಕರುಗಳಿಗೆ ನೆಕ್ಕಲು ಹಿತ. ನೆಕ್ಕಿದ ಕರು ಕಣ್ಣು ಕಾಣದೆ ಗೋಡೆಗೆ ತಲೆ ಒತ್ತಿ, ಅದುರಿ ಸಾಯುತ್ತದೆ. ಚುಚ್ಚಿದ ಸೂಜಿಗಳನ್ನು ತಿಪ್ಪೆಗೆ ಎಸೆಯಬೇಡಿ. ಯಾರೇ ಬಂದು ಚಿಕಿತ್ಸೆ ಕೊಟ್ಟರೂ "ಸೂಜಿ ವಾಪಸ್ ತಗೊಂಡು ಹೋಗಿ" ಎಂದು ಧೈರ್ಯವಾಗಿ ಹೇಳಿ, ನಮಗೂ ಹೇಳಿ. ಕೆಚ್ಚಲು ಬಾವು ಬಂದ ಮೊಲೆಯ ಹಾಲನ್ನು ನೆಲಕ್ಕೆ ಹಿಂಡುವುದು ಪಕ್ಕದ ಹಸುವಿಗೆ ರೋಗ ಹಂಚಿದಂತೆ. ಬಟ್ಟಲಿಗೆ ಹಿಂಡಿ, ದೂರ ಗುಂಡಿಗೆ ಸುರಿದು ಮಣ್ಣು ಮುಚ್ಚಿ. ಆ ಹಾಲು ಕರುವಿಗೂ ಬೇಡ.

ಈಗ ಮೊದಲು ಹೇಳಿದ ಕಸ, ಅಂದರೆ ಮಾಸು. ಕರು ಹಾಕಿದ ಎಂಟರಿಂದ ಹನ್ನೆರಡು ಗಂಟೆಯೊಳಗೆ ಬೀಳಬೇಕು. ಬೀಳದಿದ್ದರೆ ಕಲ್ಲು, ಪೊರಕೆ ಕಟ್ಟಿ ಎಳೆಸಬೇಡಿ, ನಮಗೆ ಫೋನ್ ಮಾಡಿ. ಬಿದ್ದ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ವಾಡಿಕೆ ಹಲವು ಊರುಗಳಲ್ಲಿದೆ. ಹಾಲುಮರಕ್ಕೆ ಕಟ್ಟಿದರೆ ಹಾಲು ಹೆಚ್ಚುತ್ತದೆ ಎಂಬ ಆಸೆ. ಆಸೆಯನ್ನು ನಾನು ಹಳಿಯುವುದಿಲ್ಲ. ಆದರೆ ಅದರಿಂದ ತೊಟ್ಟಿಕ್ಕುವ ರಸ, ಅದನ್ನು ಕಿತ್ತು ಊರೆಲ್ಲ ಎಳೆದಾಡುವ ನಾಯಿ, ಕಾಗೆ ಬ್ರುಸೆಲ್ಲಾ ರೋಗವನ್ನು ಹರಡಬಲ್ಲವು. ಅದೇ ಮರದ ಬುಡದಿಂದ ಸ್ವಲ್ಪ ದೂರದಲ್ಲಿ ನಾಲ್ಕಡಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿದರೆ ವಾಡಿಕೆಯೂ ಉಳಿಯುತ್ತದೆ, ಊರೂ ಉಳಿಯುತ್ತದೆ.

ಬ್ರುಸೆಲ್ಲಾ, ಅಂದರೆ ಕಂದು ಹಾಕುವ ರೋಗ, ಬಂದ ಹಸು ಆರನೇ ತಿಂಗಳ ನಂತರ ಕಂದು ಹಾಕುತ್ತದೆ. ಬಿದ್ದ ಕಂದು, ಮಾಸು, ನೀರು ಎಲ್ಲದರಲ್ಲೂ ರೋಗಾಣು ತುಂಬಿರುತ್ತದೆ. ಬರಿಗೈಯಲ್ಲಿ ಮುಟ್ಟಿದ ಹೆಂಗಸಿಗೆ ಕೆಲವು ವಾರಗಳ ನಂತರ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು ಶುರುವಾಗುತ್ತದೆ. ಕೆಲಸದ ಆಯಾಸ ಎಂದುಕೊಂಡು ಮಾತ್ರೆ ನುಂಗಿ ತಿಂಗಳುಗಟ್ಟಲೆ ನರಳುತ್ತಾರೆ. ಅಂಥ ಜ್ವರವಿದ್ದರೆ ವೈದ್ಯರಿಗೆ "ನಮ್ಮನೆ ಹಸು ಕಂದು ಹಾಕಿತ್ತು, ನಾನೇ ಎತ್ತಿ ಹಾಕಿದೆ" ಎಂದು ನೀವಾಗಿಯೇ ಹೇಳಿ. ಆ ಒಂದು ಮಾತಿನಿಂದ ಅವರಿಗೆ ಯಾವ ರಕ್ತಪರೀಕ್ಷೆ ಮಾಡಿಸಬೇಕೆಂದು ಹೊಳೆಯುತ್ತದೆ. ಬಸುರಿ ಹೆಂಗಸರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಕೈಗವಸು ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಕವರನ್ನೇ ಕೈಗೆ ಸುತ್ತಿ ಕಟ್ಟಿಕೊಳ್ಳಿ, ಆಮೇಲೆ ಅದನ್ನೂ ಅದೇ ಗುಂಡಿಗೆ ಹಾಕಿ, ಸೋಪಿನಲ್ಲಿ ಕೈ ತೊಳೆಯಿರಿ. ಹಸಿ ಹಾಲು ಕುಡಿಯಬೇಡಿ.

ಈ ರೋಗ ತಡೆಯಲು ಲಸಿಕೆಯಿದೆ. ನಾಲ್ಕರಿಂದ ಎಂಟು ತಿಂಗಳ ಒಳಗಿನ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಲ. ಎಂಟು ತಿಂಗಳು ದಾಟಿದರೆ ಹಾಕುವುದಿಲ್ಲ. ಗಬ್ಬದ ಹಸುವಿಗೂ ಹಾಕುವುದಿಲ್ಲ. ಮನೆಯಲ್ಲಿ ಆ ವಯಸ್ಸಿನ ಹೆಣ್ಣು ಕರುವಿದ್ದರೆ ನಾಳೆ ಹಾಲು ಹಾಕಲು ಹೋದಾಗ ಹುಟ್ಟಿದ ತಿಂಗಳನ್ನು ಹೇಳಿ ಸಂಘದ ಕಾರ್ಯದರ್ಶಿಯವರಲ್ಲಿ ಬರೆಸಿ.